ಮೂವತ್ತೈದು ಕುದುರೆಗಳ ಮನೆ

ಅರವತ್ತರ ದಶಕದ ಶುರುವಿನಲ್ಲಿ ನಾನು ಬುಕ್ಕಾಂಬುಧಿಗೆ ಸೊಸೆಯಾಗಿ ಬಂದೆ. ಮರುವರ್ಷ ಮಾವ ಎತ್ತುಗಳನ್ನು ಮಾರಿ ಟ್ರ್ಯಾಕ್ಟರ್ ತಂದರು. ಅದರ ಮೂತಿಯ ಮೇಲೆ 35 ಎಂದು ಬರೆದಿತ್ತು. ಅದೇನು ನಂಬರು ಎಂದು ಅಂಗಳದಲ್ಲಿ ದೊಡ್ಡ ವಾದವೇ ಆಯಿತು.

"ಅದು ಇದ್ರ ಹೆಸ್ರು ಕಣ್ರೀ. ಮೂವತ್ತೈದು ಕುದ್ರೆ ಶಕ್ತಿ ಐತೆ ಅಂತ ಹಂಗೆ ಇಟ್ಟವ್ರೆ" ಎಂದ, ಅದನ್ನು ಓಡಿಸಿಕೊಂಡು ಬಂದಿದ್ದ ಡ್ರೈವರ್.

ಕುದುರೆ ಎಂಬ ಮಾತು ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಆಯುಧಪೂಜೆಗೆ ಟ್ರ್ಯಾಕ್ಟರಿನ ಮುಂದೆ ಒಂದು ಬುಟ್ಟಿ ಬೇಯಿಸಿದ ಹುರುಳಿ ಇಟ್ಟರು. ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಬೇಯಿಸಿದವಳು ನಾನು. ಅಂದಿನಿಂದ ಊರಿಗೆಲ್ಲ ನಾನು "ಕುದ್ರೆ ಮನೆ ಸೊಸೆ". ಯಂತ್ರಕ್ಕೆ ಹೆಸರು ಸಿಕ್ಕಿತು, ನನ್ನ ಹೆಸರು ಹೋಯಿತು.

ನನ್ನ ತವರು ತರೀಕೆರೆ. ಮೊದಲಾದರೆ ಎತ್ತಿನ ಗಾಡಿಯಲ್ಲಿ ಅಜ್ಜಂಪುರಕ್ಕೆ ಹೋಗಿ ರೈಲು ಹತ್ತುತ್ತಿದ್ದೆ. ಈಗ ಆ ಗಾಡಿ ಹಿತ್ತಲಲ್ಲಿ ಮೂತಿ ನೆಲಕ್ಕೂರಿ ಬಿದ್ದಿತ್ತು; ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತಿದ್ದವು. ಟ್ರ್ಯಾಕ್ಟರಿನಲ್ಲಿ ಬಿಟ್ಟುಬನ್ನಿ ಎಂದರೆ, "ಮನೆ ಹೆಂಗಸ್ರು ಅದನ್ನ ಹತ್ತೋ ಹಂಗಿಲ್ಲ" ಎಂದರು ಮಾವ. ಒಬ್ಬಳೇ ನಡೆದು ಹೋಗುತ್ತೇನೆ ಎಂದರೆ ಮನೆತನದ ಮರ್ಯಾದೆ ಅಡ್ಡ ಬಂತು.

ಗೌರಿ ಹಬ್ಬ ಹತ್ತಿರ ಬಂದಾಗ ಮತ್ತೆ ಕೇಳಿದೆ. ಅತ್ತೆ ಸಿಡುಕಿದರು: "ಮೂವತ್ತೈದು ಕುದ್ರೆ ಇರೋ ಮನೇಲಿ ನಿಂಗೇನೇ ಕಮ್ಮಿ ಆಗೈತೆ?"

"ಎರಡು ಎತ್ತು, ಅತ್ತೆ" ಎಂದೆ.