ಪಿನ್‌ಗೆ ಬಿಗಿದ ಗಂಟು

ನಮ್ಮ ಫ್ಲಾಟಿನ ಬಾಗಿಲ ಪಕ್ಕ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಒಂದಿದೆ. ಪ್ರತಿ ವರ್ಷ ತಪ್ಪದೆ ಅದಕ್ಕೆ ಆಯುಧಪೂಜೆ. ಸ್ಕೂಟರ್‌ಗೆ, ಮಿಕ್ಸಿಗೆ, ಆಮೇಲೆ ಅದಕ್ಕೆ. ಗಂಧ, ಕುಂಕುಮ, ಸೇವಂತಿಗೆ ಮಾಲೆ. ಮಾಲೆ ಜಾರಬಾರದೆಂದು ನೂಲನ್ನು, ಬಳಸುವಾಗ ಎಳೆದು ತೆಗೆಯಬೇಕಾದ ಪಿನ್‌ಗೇ ಬಿಗಿದು ಗಂಟು ಹಾಕಿದವಳು ನಾನು.

ಮೊನ್ನೆ ಶನಿವಾರ ಅಡುಗೆಮನೆಯಲ್ಲಿ ಬೆಂಕಿ ಹತ್ತಿದಾಗ ಆ ಗಂಟು ಬಿಚ್ಚಲಿಲ್ಲ.

ಅಮ್ಮ ಹಲಸಿನ ಹಪ್ಪಳ ಕರಿಯಲು ಎಣ್ಣೆ ಇಟ್ಟು, ಹಪ್ಪಳದ ಡಬ್ಬ ಹುಡುಕುತ್ತಾ ಒಳಗೆ ಹೋಗಿದ್ದರು. (ನನ್ನ ಕಣ್ಣಿಗೆ ಬೀಳದಂತೆ ಅಡಗಿಸಿಟ್ಟವರೂ ಅವರೇ.) ಬರುವಷ್ಟರಲ್ಲಿ ಬಾಣಲೆ ಉರಿಯುತ್ತಿತ್ತು. ನಾನು ಬಾಗಿಲ ಪಕ್ಕದ ಕೆಂಪು ಸಿಲಿಂಡರ್ ಹತ್ತಿರ ಓಡಿದೆ. ಉಗುರು ಮುರಿಯಿತು, ನೂಲು ಹರಿಯಲಿಲ್ಲ. ತಿರುಗಿ ನೋಡಿದರೆ ಅಮ್ಮ ಕೊಡಪಾನ ಎತ್ತಿ ನೀರು ಸುರಿಯಲು ಹೊರಟಿದ್ದಾರೆ! ಉರಿಯುವ ಎಣ್ಣೆಗೆ ನೀರು ಬಿದ್ದರೆ ಬೆಂಕಿ ಮುಖಕ್ಕೇ ಹಾರುತ್ತದೆ. ನನಗೆ ಗೊತ್ತಿತ್ತು. ಆದರೂ ನನ್ನ ಕೈ ಆ ಗಂಟನ್ನೇ ಎಳೆಯುತ್ತಿತ್ತು.

ಅಮ್ಮನ ಕೈ ಹಿಡಿದದ್ದು ಹೂಡೆಯಿಂದ ನಮ್ಮ ಮನೆಗೆಲಸಕ್ಕೆ ಬರುವ ಸುಮತಿಯಕ್ಕ. "ನೀರು ಬೇಡ ಅಮ್ಮ, ಎಣ್ಣೆ ಉಂಟು" ಎಂದು ಮೆಲ್ಲಗೆ ಹೇಳಿ, ಗ್ಯಾಸ್ ಆಫ್ ಮಾಡಿ, ದೊಡ್ಡ ಮುಚ್ಚಳ ಮುಚ್ಚಿದರು. ಅಷ್ಟೇ. ಬೆಂಕಿ ಆರಿತು.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. ನಮ್ಮದೇ ಅಪಾರ್ಟ್‌ಮೆಂಟಿನ ಅಂಗಳದಲ್ಲಂತೆ!

ಹೌದಲ್ಲ. ಮಳೆಗಾಲಕ್ಕೆ ಮೊದಲು ಇಲ್ಲಿ, ಅಂಬಲಪಾಡಿಯಲ್ಲಿ, ಫೈರ್ ಡ್ರಿಲ್ ನಡೆದಿತ್ತು. ಅಗ್ನಿಶಾಮಕ ದಳದವರು ಟ್ರೇಗೆ ಎಣ್ಣೆ ಸುರಿದು ಬೆಂಕಿ ಹಚ್ಚಿ, ಒಬ್ಬೊಬ್ಬರೇ ಬಂದು ಆರಿಸಿ ಎಂದರು. ನಾವು ಎದ್ದೆವಾ? ಬಟ್ಟೆಗೆ ಮಸಿ ತಾಗುತ್ತದೆ, ವಿಡಿಯೋ ಮಾಡಬೇಕು, ತಿಂಡಿಗೆ ಕೊಟ್ಟ ಗೋಳಿಬಜೆ ತಣ್ಣಗಾಗುತ್ತದೆ. ಕೊನೆಗೆ ಮನೆಗೆಲಸದವರನ್ನು ಮುಂದೆ ತಳ್ಳಿದೆವು. ಸುಮತಿಯಕ್ಕ ಮುಚ್ಚಳ ಮುಚ್ಚಿ ಮೂರು ಸಲ ಆರಿಸಿದರು. ಸರ್ಟಿಫಿಕೇಟ್ ಮಾತ್ರ ಫ್ಲಾಟಿನವರಿಗೆ. (ನನ್ನದು ಲ್ಯಾಮಿನೇಟ್ ಕೂಡ ಆಗಿದೆ.) ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಶನಿವಾರದಿಂದ ಒಂದು ಕಡೆ ಕೂರಲಾಗುತ್ತಿಲ್ಲ. ನೂಲು ಕತ್ತರಿಸಿ ಬಿಸಾಡಿದೆ. ಗ್ಯಾಸ್ ನಾಬ್ ಮುಟ್ಟಿ ಮುಟ್ಟಿ ನೋಡುತ್ತೇನೆ. ಮಣಿಪಾಲದ ಆಫೀಸಿನಿಂದ ಗಂಟೆಗೊಮ್ಮೆ ಫೋನ್, ಒಲೆ ಆರಿಸಿ ಆಯಿತಾ ಎಂದು. ಅಮ್ಮನಿಗೆ ಸಿಟ್ಟು ಬಂದಿದೆ. ಬರಲಿ. ಸುಮತಿಯಕ್ಕ ರಜೆ ಹಾಕಿದ ದಿನ ಅಮ್ಮನ ಕೈ ಹಿಡಿಯಬೇಕಾದವಳು ನಾನಲ್ಲವೇ?

"ಕೈಗೆ ಗೊತ್ತಾಗ್ಬೇಕು ಮೇಡಂ, ತಲೆಗೆ ಗೊತ್ತಿದ್ರೆ ಸಾಲುದಿಲ್ಲ" ಎಂದ ಸುಮತಿಯಕ್ಕ, ನಿನ್ನೆ ಹಚ್ಚದ ಒಲೆಯ ಮೇಲೆ ಖಾಲಿ ಬಾಣಲೆ ಇಟ್ಟು ನಮ್ಮಿಬ್ಬರಿಗೂ ಪಾಠ ಮಾಡಿದರು. ಅಮ್ಮ ಒಂದೇ ಸಲಕ್ಕೆ ಪಾಸ್. ನಾನು ಮುಚ್ಚಳ ಮುಚ್ಚಿದೆ, ಗ್ಯಾಸ್ ಆಫ್ ಮಾಡಲು ಮರೆತೆ. ಎರಡನೇ ಸಲವೂ ಮರೆತೆ.

ತಣ್ಣಗಿನ ಬಾಣಲೆಯೆದುರೇ ಮರೆಯುವವಳಿಗೆ, ಅದು ಉರಿಯುವಾಗ ನೆನಪಾದೀತೇ?