ಅತ್ತೆಯ ಲಟಿಕೆ

ನಮ್ಮ ಅತ್ತೆ ನನ್ನ ಮಗಳಿಗೆ ದೃಷ್ಟಿ ತೆಗೆದರೆ ಪಕ್ಕದ ಮನೆಗೂ ಕೇಳುತ್ತಿತ್ತು. ಕೂಸಿನ ಮುಖದ ಮೇಲೆ ಎರಡೂ ಕೈ ಇಳಿಸಿ, ಬೆರಳುಗಳನ್ನು ತಮ್ಮ ಹಣೆಯ ಎರಡೂ ಬದಿಗೆ ಒತ್ತಿ ಲಟಿಕೆ ಮುರಿಯುವುದು ನಮ್ಮ ಕಡೆ ಎಲ್ಲ ಮನೆಗಳ ರೂಢಿ. ಲಟಿಕೆ ಜೋರಾಗಿ ಬಂದಷ್ಟೂ ದೃಷ್ಟಿ ಹೆಚ್ಚು ತಗುಲಿತ್ತೆಂದು ಲೆಕ್ಕ. ಹೋದ ವರ್ಷ ಅವರ ಬಲಗೈಯ ಉಂಗುರ ಬೆರಳು ಮಡಚಿ ಬಿಚ್ಚುವಾಗಲೆಲ್ಲ ಲಟ್ ಎನ್ನತೊಡಗಿತು. ನನಗೋ ಖುಷಿ. ಹೆತ್ತವರಿಗೆ ಹೆಗ್ಗಣ ಮುದ್ದು. ಸೋಲಾಪುರದ ಕಣ್ಣೆಲ್ಲ ನನ್ನ ಮಗಳ ಮೇಲೇ ಬಿದ್ದಿದೆ ಎಂದು ನಂಬಿಬಿಟ್ಟೆ. ನಮ್ಮ ಬಟ್ಟೆ ಅಂಗಡಿಯ ಗಿರಾಕಿಗಳು ಮನೆಗೆ ಬಂದು ಹೋದರೂ ಸಾಕು, "ಅತ್ತ್ಯಾರ, ಕೂಸಿಗಿ ಒಮ್ಮೆ ಲಟಿಕಿ ತಗೀರಿ," ಎಂದು ಮಗಳನ್ನು ಅತ್ತೆಯ ತೊಡೆಯ ಮೇಲೆ ಕೂರಿಸುತ್ತಿದ್ದೆ. ಅವರು ಒಲ್ಲೆ ಎಂದವರಲ್ಲ.

ನನ್ನ ತವರು ಅಕ್ಕಲಕೋಟೆ ಹತ್ತಿರದ ಹಳ್ಳಿ. ಅಣ್ಣನ ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಅತ್ತೆಯನ್ನೂ ಕರೆದುಕೊಂಡು ಹೋಗಿ, ನೆರೆದವರ ಮುಂದೆ ಮಗಳಿಗೆ ಲಟಿಕೆ ತೆಗೆಸಿದೆ. "ಎಷ್ಟ ನದರ ಆಗಿತ್ತವಾ ಕೂಸಿಗಿ," ಎಂದು ನನ್ನ ತಾಯಿ ಗಲ್ಲದ ಮೇಲೆ ಕೈಯಿಟ್ಟಳು. ನನಗೆ ಒಂದು ಗೇಣು ಎತ್ತರವಾದಂತೆ ಅನಿಸಿತು. ಆದರೆ ಊಟಕ್ಕೆ ಕೂತಾಗ ಅತ್ತೆ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಹಸಿವೆ ಇಲ್ಲ ಎಂದುಬಿಟ್ಟರು. ತಾಟಿನಲ್ಲಿ ಹೋಳಿಗೆ ಹಾಗೇ ಉಳಿಯಿತು. ನನ್ನ ತವರಿನ ಅನ್ನ ಇವರ ಗಂಟಲಲ್ಲಿ ಇಳಿಯುವುದಿಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಬಸ್ಸಿನಲ್ಲಿ ಸೋಲಾಪುರದವರೆಗೂ ಮೋರೆ ಆಚೆ ತಿರುಗಿಸಿಯೇ ಕೂತಿದ್ದೆ.

ಮರುದಿನ ಮುಂಜಾನೆ ಮಾತಿಲ್ಲದೆ ಚಹಾ ಒಯ್ದೆ. ಅವರು ಎಡಗೈ ಚಾಚಿದರು. ಬಲಗೈಯ ಬೆರಳು ಅಂಗೈಯೊಳಗೆ ಮಡಚಿಕೊಂಡೇ ಇತ್ತು. ಅದರ ಬುಡ ಮುಟ್ಟಿದರೆ ಜೋಳದ ಕಾಳಿನಷ್ಟು ಗಂಟು ಕೈಗೆ ಹತ್ತಿತು, ಅವರು ಹಲ್ಲು ಕಚ್ಚಿದರು. ಹಿಂದಿನ ದಿನ ಅವರು ಉಣ್ಣದೆ ಎದ್ದದ್ದು ಯಾಕೆಂದು ಆಗ ತಿಳಿಯಿತು. ನಾಚಿಕೆಯಿಂದ ನೆಲ ನೋಡಿದೆ.

ಎಲುಬಿನ ಡಾಕ್ಟರು ಇದಕ್ಕೆ ಟ್ರಿಗರ್ ಫಿಂಗರ್ ಎನ್ನುತ್ತಾರೆ ಎಂದರು. "ಲಂಗದ ಸೊಂಟಪಟ್ಟ್ಯಾಗ ಲಾಡಿ ಇರ್ತದಲ್ಲರಿ ಆಯಿ, ಹಂಗ ಬೆರಳಾಗ ಒಂದು ನರದಂಥ ಹುರಿ ಅದ. ಅದಕ್ಕ ಗಂಟು ಬಿದ್ರ ಅದರ ಕೊಳವಿ ಬಾಯಾಗ ಸಿಕ್ಕೊಂತದ. ಜಗ್ಗಿದ್ರ ಲಟ್ ಅಂತದ. ಜಗ್ಗಿದಷ್ಟೂ ಬಾವು ಹೆಚ್ಚ." ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಬರುವುದು ಹೆಚ್ಚಂತೆ, ಅತ್ತೆಗೆ ಅದೂ ಇತ್ತು. ಬೆರಳಿನ ಬುಡಕ್ಕೆ ಇಂಜೆಕ್ಷನ್ ಕೊಟ್ಟರು. ಕೆಲವು ದಿನ ಸಕ್ಕರೆ ಏರಬಹುದು, ನೋಡಿಕೊಳ್ಳಿ ಎಂದರು. ಬೆರಳು ನೆಟ್ಟಗಿರಲು ಪಟ್ಟಿ ಕಟ್ಟಿ, ಇದರಿಂದಲೂ ಸಡಿಲವಾಗದಿದ್ದರೆ ಅಷ್ಟೇ ಜಾಗ ಜೋಮು ಹಿಡಿಸಿ ಸಣ್ಣ ಕೊಯ್ತ ಮಾಡಬೇಕಾದೀತು ಎಂದರು. ಲಟಿಕೆಯಿಂದಲೇ ರೋಗ ಬಂದದ್ದಲ್ಲವಂತೆ. ಆದರೆ ಸಿಕ್ಕಿಕೊಂಡ ಬೆರಳನ್ನು ಮತ್ತೆ ಮತ್ತೆ ಮುರಿದದ್ದು ಒಳ್ಳೆಯದು ಮಾಡಿರಲಿಲ್ಲ. ಮುರಿಸಿದವಳು ನಾನು.

"ಇಷ್ಟ ನೋಯ್ತಿತ್ತು, ಮನ್ಯಾಗ ಯಾಕ ಹೇಳಲಿಲ್ಲರಿ?" ಡಾಕ್ಟರು ಕೇಳಿದರು.

ಅತ್ತೆ ನನ್ನ ಕಡೆ ನೋಡಲಿಲ್ಲ.

"ಸಪ್ಪಳ ಕೇಳಿ ನಮ್ಮ ಸೊಸಿ ನಗತಿದ್ದಳ್ರಿ. ಲಗ್ನ ಆಗಿ ಬಂದಾಗಿಂದ ಆಕಿ ನನ್ನ ಬಾಜೂಕ ಕುಂತು ನಕ್ಕಿದ್ದು ಅದೊಂದಕ್ಕ."