ಪಕ್ಕದ ಕುರ್ಚಿಯವರ ಫೇಟಾ

ಇವತ್ತು ಇಚಲಕರಂಜಿಯ ಓಣಿಯೊಂದರಲ್ಲಿ, ಮಗ್ಗಕ್ಕೇರಿಸುವ ಮುಂಚೆ ನೂಲಿಗೆ ಹಚ್ಚುವ ಗಂಜಿಯ ಬಿಸಿ ವಾಸನೆ ಮೂಗಿಗೆ ಬಡಿಯಿತು. ಅದರ ಜೊತೆಗೇ ಅವರ ನೆನಪು... ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸು ಹೀಗೇ ನೂಲಿಗೆ ಗಂಜಿ ಹಚ್ಚುವ ಒಂದು ಕಾರ್ಖಾನೆಯ ಮೇಲಿತ್ತು. ಅವರು ಚಂದಗಡದ ಕಡೆಯವರು, ನನಗಿಂತ ಹಿರಿಯರು, ನನ್ನ ಪಕ್ಕದ ಕುರ್ಚಿಯವರು. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುಳ್ಳೇಕೆ ಹೇಳಲಿ?

ನೂಲಿನ ವ್ಯಾಪಾರಿಗಳಿಗೆ ಅವರೊಂದು ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಜೋಡಿಸಿಕೊಳ್ಳುವ ಪುಟ್ಟ ತಂತ್ರಾಂಶ, ಬರೆದರು. ವ್ಯಾಪಾರಿ ತನ್ನ ಖರೀದಿ ದರಗಳನ್ನೆಲ್ಲ ಅದರೊಳಗೆ ಗುಟ್ಟಾಗಿ ಇಡಬಹುದಿತ್ತು. ಪೇಟೆಯ ವೆಬ್ ಪುಟ ತೆರೆದು ಗುಂಡಿ ಒತ್ತಿದರೆ ಬೇಕಾದ ಒಂದು ದರ ಅಲ್ಲಿ ಬಂದು ಕೂರುತ್ತಿತ್ತು. ನಾನು ತಿಂಗಳುಗಟ್ಟಲೆ ತಿಣುಕಿ ಕೈಬಿಟ್ಟ ಕೆಲಸ ಅದು. ವ್ಯಾಪಾರಿಗಳು ಅವರನ್ನು ಕರೆಸಿ, ತಲೆಗೆ ಕೇಸರಿ ಫೇಟಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ಫೋಟೋ ತೆಗೆಯುವ ಕೆಲಸ ನನಗೆ ಬಂತು.

ಮರುದಿನವೇ ಮೊಸರಲ್ಲಿ ಕಲ್ಲು ಹುಡುಕಲು ಕುಳಿತೆ. ಸಿಕ್ಕಿಯೇಬಿಟ್ಟಿತು! ಒಂದು ದರ ಕೇಳುವ ಪುಟದ ಕೈಗೆ ಅವರು, ಎಲ್ಲ ದರಗಳನ್ನೂ ಓದುವ ಅಧಿಕಾರವಿದ್ದ ಇಡೀ ಜಾವಾಸ್ಕ್ರಿಪ್ಟ್ ಆಬ್ಜೆಕ್ಟನ್ನೇ ಒಪ್ಪಿಸಿಬಿಟ್ಟಿದ್ದರು. ನೀರು ಕೇಳಿದವರಿಗೆ ಅಡುಗೆಮನೆಯ ಕೀಲಿ ಕೊಟ್ಟ ಹಾಗೆ. ಆ ಪುಟದಲ್ಲಿ ಓಡುವ ಯಾವ ಜಾಹೀರಾತಿನ ಸ್ಕ್ರಿಪ್ಟಾದರೂ ವ್ಯಾಪಾರಿಯ ಗುಟ್ಟನ್ನೆಲ್ಲ ದೋಚಬಹುದಿತ್ತು.

"ಅಣ್ಣಾರ, ಇಲ್ಲಿ ನೋಡ್ರಿ," ಎಂದು ಆ ಪುಟದಲ್ಲಿ ಒಂದೇ ಸಾಲು ಕೋಡ್ ಬರೆದು ತೋರಿಸಿದೆ. ಪರದೆಯ ತುಂಬ ದರಗಳು. ಅವರ ಮುಖ ಬಾಡಲೆಂದು ಕಾದೆ...

"ಭಾಳ ಛಲೋ ಹಿಡದಿ ತಮ್ಮಾ. ನಂದ ತಪ್ಪ್ ಅದು," ಎಂದರು.

ಅಂದೇ ಅದನ್ನು ನಿಲ್ಲಿಸಿ, ಪುಟಕ್ಕೆ ಕೇಳಿದ ಒಂದು ದರವಷ್ಟೇ ಸಿಗುವ ಹಾಗೆ ತಿದ್ದಿ ಬರೆದರು. ಆಮೇಲೆ ಫೇಟಾವನ್ನು ಚೀಲದಲ್ಲಿಟ್ಟುಕೊಂಡು ವ್ಯಾಪಾರಿಗಳ ಹತ್ತಿರ ಹೊರಟರು. ಮಾನ ಹೋಗುವುದನ್ನು ನೋಡುವ ಚಪಲಕ್ಕೆ ನಾನೂ ಬೆನ್ನು ಹತ್ತಿದೆ. ಅಣ್ಣಾರು ನಡೆದದ್ದನ್ನೆಲ್ಲ ಹೇಳಿ, ಫೇಟಾವನ್ನು ವಾಪಸು ವ್ಯಾಪಾರಿಗಳ ಮುಂದಿಟ್ಟರು.

"ತಪ್ಪ್ ಮಾಡಿ ತಾನ ಹೇಳಾಕ ಬರೋ ಮನಷ್ಯಾ ಎಲ್ಲಿ ಸಿಗತಾನ್ರಿ!" ಎನ್ನುತ್ತ ಹಿರಿಯ ವ್ಯಾಪಾರಿಯೊಬ್ಬರು ಅದೇ ಫೇಟಾವನ್ನು ಮತ್ತೆ ಅವರ ತಲೆಗೆ ಸುತ್ತಿದರು. ತಪ್ಪು ಹಿಡಿದ ನನಗೆ ಒಂದು ಕಪ್ ಚಹಾ ಸಿಕ್ಕಿತು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು... ಈಗ ಆ ವ್ಯಾಪಾರಿಗಳ ಕೆಲಸವೆಲ್ಲ ನನ್ನದೇ. ಮೊನ್ನೆ ಹೊಸ ಎಕ್ಸ್‌ಟೆನ್ಷನ್ ಒಂದನ್ನು ಬರೆದುಕೊಟ್ಟೆ, ಎಲ್ಲರೂ ಹೊಗಳಿದರು. ಅವರಿದ್ದಿದ್ದರೆ ಎಲ್ಲರಿಗಿಂತ ಹೆಚ್ಚು ಖುಷಿಪಡುತ್ತಿದ್ದರು. ಹೊಟ್ಟೆಕಿಚ್ಚು ಎಂದರೇನೆಂದು ಅವರಿಗೆ ಗೊತ್ತೇ ಇರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚು.